ಅವ್ವನ ಅಡುಗೆಮನೆ ಕಟ್ಟೆಯ ನಿಜವಾದ ವೃತ್ತಾಂತ

"ಆ ಮಗ್ಗದಾತ ಐದಾನಲ್ಲ, ಅವನಿಗೆ ಯಾವನೋ ಬೈರಾಗಿ ಹೇಳಿದ್ನಂತೆ, ನಿನ್ನ ಅಡಿಗೆಮನೆ ಮೂಲ್ಯಾಗೆ ಏಳು ಕೊಪ್ಪರಿಗೆ ಹೊನ್ನು ಐತೆ ಅಂತ. ಅಗೆದ್ನಂತೆ. ಒಳಗಿಂದ ದೆವ್ವ ಉಸಿರು ಬಿಡ್ತಂತೆ. ದೀಪ ಆರಿತಂತೆ. ಹೆತ್ತವ್ವನ್ನ ದೆವ್ವದ ಕೈಗೆ ಕೊಟ್ಟು ಚಳ್ಳಕೆರೆ ಮುಟ್ಟೋವರ್ಗೂ ಹಿಂದಕ್ಕೆ ತಿರುಗಿ ನೋಡ್ಲಿಲ್ಲಂತೆ!"

ಮೊಳಕಾಲ್ಮೂರಿನ ನಮ್ಮ ಮಗ್ಗದ ಕೇರಿಯಲ್ಲಿ ಈ ಕಥೆಯನ್ನು ಈಗ ನನ್ನ ಮೊಮ್ಮಕ್ಕಳ ಓರಗೆಯವರು ನನ್ನ ಎದುರಿಗೇ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬನೂ ಅಂದು ಹುಟ್ಟಿರಲಿಲ್ಲ. ಬೈರಾಗಿಯನ್ನು ಕಂಡವರಿಲ್ಲ, ಹೊನ್ನನ್ನು ಕಂಡವರಂತೂ ಮೊದಲೇ ಇಲ್ಲ. ಚಳ್ಳಕೆರೆಯೋ, ಇಲ್ಲಿಂದ ಒಂದು ಹಗಲಿನ ನಡಿಗೆಗೂ ಮೀರಿದ ದೂರ. ನಾನು ಹುಟ್ಟಿದಾಗಿನಿಂದ ಯಾವ ಕಾರಣಕ್ಕೂ ಅಷ್ಟು ದೂರ ಓಡಿದವನಲ್ಲ. ಓಡಿದ ದೂರ ಎಷ್ಟೆಂಬುದನ್ನು ಮುಂದೆ ಸೂಕ್ತ ಸ್ಥಳದಲ್ಲಿ ಒಪ್ಪಿಕೊಳ್ಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ನಾನು ನೆಲ ಅಗೆದದ್ದು ನಿಧಿಗಾಗಿ ಅಲ್ಲ, ನನ್ನ ತಾಯಿಗೆ ಕೂರಲು ಒಂದು ಕಟ್ಟೆ ಕಟ್ಟುವುದಕ್ಕಾಗಿ.

ಪ್ಲೇಗಿಗೆ ಹೆದರಿ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದವರೆಲ್ಲ ಮನೆಗಳಿಗೆ ಮರಳಿದ ವರ್ಷ ಅದು. ಚಳಿಗಾಲವಿಡೀ ಬರಿ ನೆಲದ ಮೇಲೆ ಮಲಗಿದ್ದ ಅವ್ವನ ಮಂಡಿಗಳು ಮರದ ಕೊರಡುಗಳಾಗಿದ್ದವು. ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. ನಮ್ಮ ಒಲೆ ಎಲ್ಲರ ಮನೆಯ ಒಲೆಯಂತೆ ನೆಲದ ಮೇಲಿತ್ತು. ಕುಕ್ಕರಗಾಲಲ್ಲಿ ಕೂತು, ಮಡಕೆಯನ್ನು ಒತ್ತಿ ಹಿಡಿದು, ಕೋಲಿನಿಂದ ಮುದ್ದೆ ತಿರುವಬೇಕು. ಅವ್ವನಿಗೆ ಅದು ಆಗುತ್ತಿರಲಿಲ್ಲ. ಹಾಗೆಂದು ಸೊಸೆ ತಿರುವಿದ್ದನ್ನು ಉಣ್ಣುವಂತೆಯೂ ಇರಲಿಲ್ಲ. ಅಪ್ಪ ತೀರಿಕೊಂಡ ದಿನದಿಂದ ಅವಳು ತನ್ನ ಕೈಯಡುಗೆಯನ್ನಲ್ಲದೆ ಬೇರೆಯದನ್ನು ಮುಟ್ಟದ ನೇಮ ಹಿಡಿದಿದ್ದಳು. ಗುಡಿಸಲಿನಿಂದ ಬಂದ ಮೇಲೆ ಹದಿನೈದು ದಿನ ಬರೀ ಮಜ್ಜಿಗೆ, ಮಂಡಕ್ಕಿ. ಅವಳ ಕೈಯ ಬೆಳ್ಳಿ ಕಡಗ ಮೊಣಕೈವರೆಗೆ ಜಾರತೊಡಗಿತು. ನನಗೆ ಭಯವಾಯಿತು. ಈ ವೃತ್ತಾಂತದಲ್ಲಿ ನನಗೆ ಆದ ಭಯಗಳಲ್ಲಿ ಮರ್ಯಾದಸ್ಥ ಭಯವೆಂದರೆ ಇದೊಂದೇ.

ನಾನು ಯಾವ ಮಠದಲ್ಲಿಯೂ ಕೂತು ಓದಿದವನಲ್ಲ. ಬೆಲ್ಲ ಕಟ್ಟಿ ಬಂದ ಕಾಗದ, ಹಳೆಯ ಪಂಚಾಂಗ, ಗೋಡೆಗೆ ಅಂಟಿಸಿದ ಸರ್ಕಾರಿ ನೋಟೀಸು, ಇವುಗಳಿಂದ ಅಕ್ಷರ ಕಲಿತವನು. ಹೀಗೆ ಕಲಿತವನಿಗೆ ಒಂದು ರೋಗ ಅಂಟುತ್ತದೆ. ಬರೆದಿದ್ದನ್ನೆಲ್ಲ ನಂಬುತ್ತಾನೆ, ಬಾಯಲ್ಲಿ ಹೇಳಿದ್ದನ್ನು ಒಂದನ್ನೂ ನಂಬುವುದಿಲ್ಲ!

ಯೋಚಿಸಿದೆ. ಎತ್ತರದ ಕಟ್ಟೆ ಕಟ್ಟಿದರೆ ಅವ್ವನ ಕೈ ನೆಲದ ಒಲೆಗೆ ಎಟುಕುವುದಿಲ್ಲ. ತಗ್ಗಿನ ಕಟ್ಟೆ ಕಟ್ಟಿದರೆ ಮಂಡಿ ಮಡಚಬೇಕು. ಲೋಕದಲ್ಲಿ ಬೇರೆ ಯಾರೇ ಆಗಿದ್ದರೂ ಇಲ್ಲಿಗೆ ಸೋಲೊಪ್ಪುತ್ತಿದ್ದರು. ಆದರೆ ನಾನು ನೇಕಾರ. ನಮ್ಮ ಮಗ್ಗ ಗುಂಡಿಯ ಮಗ್ಗ. ನೇಯುವವನು ನೆಲದ ಅಂಚಿನಲ್ಲಿ ಕೂತು ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟಿರುತ್ತಾನೆ. ಮಂಡಿ ಸುಖವಾಗಿರುತ್ತದೆ, ಕೈಗಳು ನೆಲಮಟ್ಟದಲ್ಲಿ ಕೆಲಸ ಮಾಡುತ್ತವೆ. ಅದನ್ನೇ ಅಡುಗೆಮನೆಗೆ ತಂದರೆ? ಒಲೆಗೂ ಪಕ್ಕದ ಮನೆಯ ಗೋಡೆಗೂ ನಡುವಿನ ಮೂಲೆಯಲ್ಲಿ ಗೋಡೆಗೆ ಸೇರಿಸಿ ಗೇಣೆತ್ತರದ ಕಲ್ಲಿನ ಕಟ್ಟೆ, ಅದರ ಮುಂದೆ ಕಾಲಿಗೊಂದು ಗುಂಡಿ! ನನ್ನ ಬುದ್ಧಿಗೆ ನಾನೇ ಬೆರಗಾದೆ.

"ಏಮಂಡೀ, ಗುಂಡಿ ಅಡಿಗೆಮನೇಲಾ?" ಎಂದಳು ನನ್ನ ಹೆಂಡತಿ ಲಕ್ಷ್ಮಕ್ಕ. ನಮ್ಮ ಮನೆಯಲ್ಲಿ ಪ್ರೀತಿಗೂ ಭಯಕ್ಕೂ ತೆಲುಗು, ಜಗಳಕ್ಕೂ ವ್ಯವಹಾರಕ್ಕೂ ಕನ್ನಡ. ಅವಳು 'ಏಮಂಡೀ', ಅಂದರೆ 'ಏನ್ರೀ' ಎಂದು ಪ್ರಾರಂಭಿಸಿ ಕನ್ನಡಕ್ಕೆ ತಿರುಗಿದರೆ ಪ್ರೀತಿ ಮುಗಿಯಿತೆಂದೇ ಅರ್ಥ.

"ಅವ್ವ ಕೂತ್ಕೊಂಡು ಮುದ್ದೆ ತಿರುವೋದು ಬೇಡ್ವಾ ನಿನಗೆ?"

"ತಿರುವಲಿ. ಬಿದ್ದರೆ ಎತ್ತೋರು ಯಾರು?"

"ನಾನಿಲ್ವಾ?"

ಲಕ್ಷ್ಮಕ್ಕ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ನಾನು ಅದನ್ನು ಒಪ್ಪಿಗೆಯೆಂದು ಭಾವಿಸಿದೆ.

ಮೊದಲ ತಪ್ಪು ಅಳತೆಯಲ್ಲೇ ಆಯಿತು. ದಾರ ಹಿಡಿದು ಅವ್ವನ ಕಾಲ ಬಳಿ ಕೂತೊಡನೆ ಅವಳು ಕಾಲೆಳೆದುಕೊಂಡಳು. "ಒರೇಯ್, ಬದುಕಿರೋರಿಗೆ ಅಳತೆ ಹಿಡೀತಾರೇನೋ? ನಾಕು ಜನ ಹೊರೋ ದಿನ ಅಳಿಯೋರು ತಾವೇ ಬರ್ತಾರೆ, ಹೋಗು!" ಮಂಡಿಯೂ ಮಡಚದ ಆಕೆ ಆ ಕಾಲನ್ನು ಅಷ್ಟು ವೇಗವಾಗಿ ಹೇಗೆ ಎಳೆದುಕೊಂಡಳೋ! ನಾನು ಶಕುನಗಳನ್ನು ನಂಬುವವನಲ್ಲ. ಆದರೂ ದಾರ ಕೈಯಿಂದ ಜಾರಿತು. ಕೊನೆಗೆ ಅವ್ವನ ಕಾಲಿನ ಬದಲು ನನ್ನ ಕಾಲನ್ನೇ ಅಳೆದುಕೊಂಡೆ. ಅವ್ವ ನನ್ನ ಭುಜಕ್ಕೂ ಬರುತ್ತಿರಲಿಲ್ಲವೆಂಬ ಸಂಗತಿ ಗುಂಡಿಯನ್ನು ಅಗೆದು ಮುಗಿಸಿದ ಮೇಲೆ ಹೊಳೆಯಿತು.

ಎರಡನೆಯ ತಪ್ಪನ್ನು ತಪ್ಪೆಂದು ಕರೆಯಲು ನನಗೆ ಇಂದಿಗೂ ಮನಸ್ಸಿಲ್ಲ. ಹಾರೆಯ ಸದ್ದು ಕೇಳಿ ಪಕ್ಕದ ಮನೆಯ ಓಬಳಪ್ಪ ಬಂದ. ಬೇಸಾಯದವನು, ನಮ್ಮಿಬ್ಬರ ಮನೆಗೂ ಗೋಡೆ ಒಂದೇ.

"ಲೇ ತಮ್ಮಾ, ಆ ಗ್ವಾಡೆ ಬುಡ ಅಗೀಬ್ಯಾಡ. ನಮ್ಮಜ್ಜನ ಕಾಲದ ಹಗೇವು ಐತೆ ಅಂತ ನಮ್ಮಪ್ಪ ಹೇಳ್ತಿದ್ದ."

ಹಗೇವೆಂದರೆ ರಾಗಿ ತುಂಬಿಡುವ ನೆಲಮಾಳಿಗೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮಣ್ಣಿನೊಳಗೆ ಹೂತಿಟ್ಟ ಭಾರೀ ಗಡಿಗೆಯ ಹಾಗೆ. ಬಹುಕಾಲ ಮುಚ್ಚಿದ್ದ ಹಗೇವಿನ ಗಾಳಿ ವಿಷವಾಗುತ್ತದೆ. ಅದಕ್ಕೇ ಒಳಗಿಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಇಳಿದವನ ಉಸಿರೂ ಆರುತ್ತದೆ. ಇದು ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು.

"ನಿಮ್ಮಪ್ಪ ಕಣ್ಣಾರೆ ನೋಡಿದ್ರಾ?" ಎಂದು ಕೇಳಿದೆ.

"ಅವ್ರಪ್ಪ ಹೇಳಿದ್ದು ಕೇಳಿದ್ದ."

"ನೀನು?"

"ನಾನೆಲ್ಲಿ ನೋಡ್ಲಿ? ಬಾಯಿ ಮುಚ್ಚಿ ಮಣ್ಣು ಬಡಿದು ಎಷ್ಟು ಕಾಲ ಆತೋ."

"ಹಾಗಾದ್ರೆ ಕಾಗದ ಪತ್ರ ಏನಾದ್ರೂ?"

ಓಬಳಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡ. "ಹಗೇವಿಗೆ ಯಾವನಲೇ ಕಾಗದ ಬರೆಸ್ತಾನೆ? ನಿನಗೆ ಅಕ್ಷರ ಬಂದು ಬುದ್ಧಿ ಹೋತು ನೋಡು."

ಕಂಡವರಿಲ್ಲ, ಬರೆದವರಿಲ್ಲ, ಹಾಗಾಗಿ ಹಗೇವೂ ಇಲ್ಲ. ನಾನು ತೀರ್ಪು ಕೊಟ್ಟೆ. ಅವನು ಹೊರಟು ಹೋದ. ಮರುಕ್ಷಣ ಹಾರೆ ಹಾಕಿದರೆ ನೆಲ 'ಡುಬ್' ಎಂದಿತು.

ಅದು ಕಲ್ಲಿನ ಸದ್ದಲ್ಲ, ಮಣ್ಣಿನ ಸದ್ದೂ ಅಲ್ಲ. ಖಾಲಿ ಮಡಕೆಯ ಮೇಲೆ ಯಾರೋ ಒಳಗಿನಿಂದ ಬಡಿದಂತಹ ಸದ್ದು. ಹಿಂತಿರುಗಿ ನೋಡಿದೆ. ಲಕ್ಷ್ಮಕ್ಕ ಬಾಗಿಲಲ್ಲಿ ನಿಂತಿದ್ದಳು.

"ಏನದು ಸದ್ದು?"

"ನೆಲ ಒಣಗಿದೆ. ಒಣಗಿದ ನೆಲ ಹಾಗೇ ಸದ್ದು ಮಾಡುತ್ತೆ."

ಇಂತಹ ಶಾಸ್ತ್ರ ಎಲ್ಲಿಯೂ ಇಲ್ಲ. ಆ ಕ್ಷಣದಲ್ಲಿ ನಾನೇ ರಚಿಸಿದೆ. ಆದರೆ ಅಲ್ಲಿಂದ ಮುಂದೆ ಹಾರೆ ಮುಟ್ಟಲಿಲ್ಲ. ಮಣ್ಣನ್ನು ಕೈಯಿಂದ ಸವರಿ ಸವರಿ, ನಿದ್ದೆ ಹೋದ ಹುಲಿಯ ಮೈ ತುರಿಸುವವನಂತೆ ಗುಂಡಿಯ ತಳ ಸಮ ಮಾಡಿದೆ.

ಕಟ್ಟೆಯ ವಿಷಯದಲ್ಲಿ ನನ್ನನ್ನು ಯಾರೂ ದೂಷಿಸುವಂತಿಲ್ಲ. ಸಿದ್ದಾಪುರದ ಕಡೆಯಿಂದ ಬಂಡಿಯಲ್ಲಿ ಚಪ್ಪಡಿ ತರಿಸಿದೆ. ಕೆಸರು ಕಲಸಿ ಗೋಡೆಗೆ ಸೇರಿಸಿ ಕಟ್ಟಿ, ಒರಗಲು ಗೂಡು ಕೊರೆದು, ಸಗಣಿ ಸಾರಿಸಿದೆ. ಗುಂಡಿಯಲ್ಲಿ ಅವ್ವನ ಕಾಲು ಎಟುಕದ್ದರಿಂದ ತಳದಲ್ಲಿ ಒಂದು ದಪ್ಪ ಕಲ್ಲನ್ನು ಮೆಟ್ಟಿಲಾಗಿ ಇಟ್ಟೆ. ಆ ತೆಳು ತಳದ ಮೇಲೆ ಇಬ್ಬರು ಎತ್ತಬೇಕಾದ ಕಲ್ಲು! ಅಳತೆಯ ತಪ್ಪನ್ನು ಮುಚ್ಚಲು ಇದಕ್ಕಿಂತ ಭಾರವಾದ ಉಪಾಯ ನನಗೆ ಸಿಗಲಿಲ್ಲ.

ಒಣಗಲು ಬಿಟ್ಟ ಆ ಒಂದು ವಾರ ನಾನು ಊಟ ಮಾಡಿದ್ದು ನೆನಪಿಲ್ಲ. ಗುಂಡಿಯ ತಳದಲ್ಲಿ ಕೂದಲೆಳೆಯಷ್ಟು ಬಿರುಕು. ಮಣ್ಣು ಆ ಬಿರುಕಿನೊಳಗೆ ಒಂದೊಂದೇ ಕಣವಾಗಿ ಜಾರುತ್ತಿತ್ತು. ಜಾರಿದ ಮಣ್ಣು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಕೊಳ್ಳುವ ಧೈರ್ಯ ನನಗಿರಲಿಲ್ಲ. ಹುಳಿತ ಹಿಟ್ಟಿನಂತಹ ವಾಸನೆ ಬೇರೆ. ಲಕ್ಷ್ಮಕ್ಕ ಮೂಗರಳಿಸಿ ಕೇಳಿದರೆ, "ಅಂಬಲಿ ಹುಳಿ ಬಂದಿರಬೇಕು" ಎಂದೆ. "ಈ ಮನೇಲಿ ಅಂಬಲಿ ಕಾಯಿಸಿ ಎಂಟು ದಿನ ಆತು" ಎಂದಳು. ಓಬಳಪ್ಪನ ಬಳಿ ಹೋಗಿ ಒಂದು ಮಾತು ಕೇಳಬಹುದಿತ್ತು. ತೀರ್ಪು ಕೊಟ್ಟವನು ಪ್ರತಿವಾದಿಯ ಮನೆಗೆ ಹೇಗೆ ಹೋಗುತ್ತಾನೆ?

ಅವ್ವನನ್ನು ಕೂರಿಸಿದ್ದು ಸೋಮವಾರ, ಬೆಳಗಿನ ಹೊತ್ತು. ಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿದ್ದಳು ಲಕ್ಷ್ಮಕ್ಕ. ಅಡುಗೆಮನೆ ಹಗಲಲ್ಲಿಯೂ ಕತ್ತಲೆಯಾದ್ದರಿಂದ ಗುಂಡಿಯ ಅಂಚಿನಲ್ಲಿ ಒಂದು ಹಣತೆ ಇಟ್ಟಿತ್ತು. ಅವ್ವ ಕಟ್ಟೆಯ ಮೇಲೆ ಕೂತು, ಕಾಲುಗಳನ್ನು ಕೆಳಗೆ ಬಿಟ್ಟು, ಗೂಡಿಗೆ ಒರಗಿ, ಕಣ್ಣು ಮುಚ್ಚಿದಳು.

"ಅಬ್ಬಾ," ಎಂದಳು. "ಚಲ್ಲಗಾ ಉಂದಿರಾ." ತಂಪಾಗಿದೆಯಪ್ಪಾ ಎಂದು ಅದರ ಅರ್ಥ. ಗುಂಡಿಯಿಂದ ತಂಪು ಗಾಳಿ ಬರುವುದೇಕೆ ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಬಂದವನು ಬಾಯಿ ಬಿಡಲಿಲ್ಲ.

ಮಡಕೆಯಲ್ಲಿ ಎಸರು ಕುದಿಯಿತು. ಹಿಟ್ಟು ಬಿತ್ತು. ಅವ್ವ ಕೋಲು ಹಿಡಿದು ತಿರುವಲಾರಂಭಿಸಿದಳು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಹಸಿವು ಕಂಡಿತು. ಮುದ್ದೆ ಗಟ್ಟಿಯಾಗುತ್ತಿದ್ದಂತೆ ಬಲ ಹಾಕಬೇಕು. ಬಲ ಹಾಕಲು ಕಾಲೂರಬೇಕು. ಅವ್ವ ಕೆಳಗಿನ ಕಲ್ಲಿನ ಮೇಲೆ ಎರಡು ಕಾಲೂ ಊರಿ ಒಂದು ಸುತ್ತು ತಿರುವಿದಳು. ಎರಡನೇ ಸುತ್ತು. ಮೂರನೆಯ ಸುತ್ತಿಗೆ ಕಲ್ಲು ಇರಲಿಲ್ಲ!

ಕಲ್ಲು ಕೆಳಗೆ ಬಿದ್ದ ಸದ್ದು ತಕ್ಷಣ ಬರಲಿಲ್ಲ. ಅದೇ ಭಯಂಕರ. ಬಿತ್ತೇ, ಬೀಳಲಿಲ್ಲವೇ ಎನ್ನುವಷ್ಟು ತಡೆದು, ಎಲ್ಲೋ ಪಾತಾಳದಲ್ಲಿ 'ಧೊಪ್' ಎಂದಿತು. ಅವ್ವ ಕಟ್ಟೆಯಿಂದ ಜಾರಿ ಎದೆಮಟ್ಟ ಗುಂಡಿಯೊಳಗಿದ್ದಳು. ಎರಡು ಮೊಣಕೈಗಳು ಮಾತ್ರ ಚಪ್ಪಡಿಯ ಅಂಚಿಗೆ ಸಿಕ್ಕಿಕೊಂಡಿದ್ದವು. ತಳದ ತೂತಿನಿಂದ ಹುಳಿವಾಸನೆಯ ತಣ್ಣನೆಯ ಗಾಳಿ ಬುಸ್ಸೆಂದು ಮೇಲೆದ್ದಿತು. ಹಣತೆ ಒಮ್ಮೆ ನೀಲಿಯಾಗಿ, ಆರಿತು.

ದೀಪ ಆರಿದರೆ ಏನರ್ಥವೆಂದು ಕೂಸಿಗೂ ಗೊತ್ತೆಂದು ಮೇಲೆಯೇ ಬರೆದಿದ್ದೇನೆ.

ಲಕ್ಷ್ಮಕ್ಕ ನೆಲದ ಮೇಲೆ ಬೋರಲು ಬಿದ್ದು ಅವ್ವನ ಎರಡೂ ರಟ್ಟೆಗಳನ್ನು ಹಿಡಿದಳು. "ಅತ್ತೀ, ಮುಖ ಮ್ಯಾಲಕ್ಕೆತ್ತು! ಉಸಿರು ಮ್ಯಾಲಿಂದ ತಗೋ! ರೀ, ಹಗ್ಗ! ಹಗ್ಗ ತರ್ರೀ!"

ನಾನು ಹಗ್ಗ ತರಲು ಹೋದೆ. ಇದನ್ನು ಊರಿನವರು ಓಡಿದ ಎನ್ನುತ್ತಾರೆ. ಹಗ್ಗ ಬಾವಿಯಲ್ಲಿತ್ತು, ಬಾವಿ ಕೇರಿಯ ತುದಿಯಲ್ಲಿತ್ತು, ಕೇರಿಯಲ್ಲಿ ಇಪ್ಪತ್ತು ಮನೆಗಳಿದ್ದವು. ಆದ್ದರಿಂದ ಓಡಿದ ದೂರ ಇಪ್ಪತ್ತು ಮನೆ. ಚಳ್ಳಕೆರೆಯಲ್ಲ! ಮಗ್ಗದ ಕೋಣೆಯನ್ನು ದಾಟುವಾಗ ಕೈಗೆ ಏನೋ ಸಿಕ್ಕಿತು, ಹಗ್ಗವೆಂದು ಬಿಗಿಯಾಗಿ ಹಿಡಿದುಕೊಂಡೆ. ಬಾವಿಯ ಬಳಿ ನೋಡಿದರೆ ಮಗ್ಗದ ಲಾಳಿ. ಅಲ್ಲಿ ಸಹಾಯಕ್ಕಾಗಿ ಕೂಗಿದ್ದೂ ನಿಜ. ಸಂಕಟದಲ್ಲಿರುವ ಯಾವ ಗೃಹಸ್ಥನಾದರೂ ಕೂಗುತ್ತಾನೆ.

ನಾನಿಲ್ಲದಾಗ ನಡೆದದ್ದನ್ನು ಲಕ್ಷ್ಮಕ್ಕನ ಬಾಯಿಂದಲೇ ಕೇಳಿದ್ದೇನೆ. ಅವಳ ಕೂಗು ಗೋಡೆಯಾಚೆಗೆ ಕೇಳಿ ಓಬಳಪ್ಪ ನುಗ್ಗಿ ಬಂದ. ಮಗ್ಗದಿಂದ ಇಳಿಸಿ ಮಡಿಸಿಟ್ಟಿದ್ದ ಹೊಸ ರೇಷ್ಮೆ ಸೀರೆಯನ್ನು ಎಳೆದು, ಅವ್ವನ ಕಂಕುಳಡಿ ಹಾಯಿಸಿ, ಕಟ್ಟೆಗೆ ಕಾಲು ಒದೆಗೊಟ್ಟು ಜಗ್ಗಿದ. ಸೀರೆ ಹರಿಯಲಿಲ್ಲ. ಕಟ್ಟೆ ಕದಲಲಿಲ್ಲ. ಅವ್ವ ಮೇಲೆ ಬಂದಳು. ಸೀರೆ ನೇಯ್ದವನೂ ಕಟ್ಟೆ ಕಟ್ಟಿದವನೂ ನಾನೇ ಎಂಬುದನ್ನು ಯಾರೂ ಈವರೆಗೆ ಎತ್ತಿ ಹೇಳಿಲ್ಲ. ಮೇಲೆ ಬಂದವಳು ನೀರು ಕೇಳಲಿಲ್ಲ, ದೇವರನ್ನು ನೆನೆಯಲಿಲ್ಲ. "ಲಕ್ಷ್ಮೀ, ಮುದ್ದೆ ತಳ ಹಿಡೀತದೆ, ಚೂಡು, ನೋಡೇ" ಎಂದಳಂತೆ.

ನಾನು ಹಿಂತಿರುಗಿದಾಗ ಬಾಗಿಲಲ್ಲಿ ಊರೇ ನೆರೆದಿತ್ತು. ಅಡುಗೆಮನೆಯಲ್ಲಿ ಗುಂಡಿ, ಗುಂಡಿಯಲ್ಲಿ ಕತ್ತಲೆ, ಬೀದಿಯಲ್ಲಿ ಓಡಿದ ಯಜಮಾನ: ಮೂರನ್ನೂ ಕೂಡಿಸಿ ಜನ ನಿಧಿ ಎಂದರು. ನಿಧಿಯೆಂದರೆ ಸರ್ಕಾರದ್ದು, ಬಚ್ಚಿಟ್ಟವನಿಗೆ ಜೈಲು. ಮಧ್ಯಾಹ್ನದೊಳಗೆ ಪಟೇಲರೂ ಶಾನುಭೋಗರೂ ಬಂದರು. ದೀಪ ಇಳಿಬಿಟ್ಟರು, ಆರಿತು. ಓಬಳಪ್ಪನ ಹಿತ್ತಲಲ್ಲಿ ಹಗೇವಿನ ಹಳೆಯ ಬಾಯಿ ಹುಡುಕಿ ತೆಗೆಸಿ, ಎರಡು ದಿನ ಗಾಳಿಯಾಡಲು ಬಿಟ್ಟು, ಮತ್ತೆ ಇಳಿಬಿಟ್ಟರು, ಉರಿಯಿತು. ಆಮೇಲೆ ಆಳನ್ನು ಇಳಿಸಿ ಹುಡುಕಿಸಿದರು. ಆ ಎರಡು ದಿನವೂ ನಾನು ಕೈಕೋಳದ ಸದ್ದನ್ನೇ ಕೇಳುತ್ತಿದ್ದೆ. ಮಗ್ಗದಲ್ಲಿ ಯಾರಾದರೂ ಕಂಬಿ ಅಲ್ಲಾಡಿಸಿದರೂ ಎದ್ದು ನಿಲ್ಲುತ್ತಿದ್ದೆ.

ಕೊನೆಗೆ ಓಬಳಪ್ಪನೇ ಎಂಟು ಬಂಡಿ ಮಣ್ಣು ಹೊಡೆದು ಹಗೇವು ತುಂಬಿಸಿದ. ಲಕ್ಷ್ಮಕ್ಕ ಗುಂಡಿಯ ಆಳವನ್ನು ಅವ್ವನ ಕಾಲಿನಷ್ಟಕ್ಕೆ ತಗ್ಗಿಸಿ ಸಾರಿಸಿದಳು. ಅಳತೆ ಹಿಡಿಯಲಿಲ್ಲ, ಅವ್ವನ ಸೀರೆ ಒಗೆದವಳಿಗೆ ಅವ್ವನ ಉದ್ದ ಗೊತ್ತಿತ್ತು. ಅವ್ವ ಆ ಕಟ್ಟೆಯ ಮೇಲೆ ಕೂತು ಹನ್ನೊಂದು ವರ್ಷ ತನ್ನ ಮುದ್ದೆ ತಾನೇ ತಿರುವಿ ಉಂಡಳು.

ಇನ್ನು ಪುರಾವೆ. ಹಗೇವು ಹುಡುಕಿಸಿದ ದಿನ ಶಾನುಭೋಗರು ಪಂಚರ ಸಮಕ್ಷಮ ಬರೆದ ಮಹಜರಿನ ನಕಲು ನನ್ನಲ್ಲಿದೆ. ಅಪನಂಬಿಕೆಯುಳ್ಳವರು ಬಂದು ನೋಡಬಹುದು. "ಸದರಿ ಗುಂಡಿಯಲ್ಲಿ ಕೊಳೆತ ರಾಗಿ ಹೊಟ್ಟು ಹಾಗೂ ಒಂದು ದಪ್ಪ ಕಲ್ಲಿನ ಹೊರತು ಯಾವ ಒಡವೆಯಾಗಲಿ ನಾಣ್ಯವಾಗಲಿ ಕಂಡುಬಂದಿರುವುದಿಲ್ಲ" ಎಂದು ಸ್ಪಷ್ಟವಾಗಿ ಬರೆದಿದೆ. ನನ್ನ ವಾದ ಇಲ್ಲಿಗೆ ಗೆದ್ದಿತು. ಓದುಗರು ಇಲ್ಲಿಗೇ ನಿಲ್ಲಿಸಿದರೆ ನನಗೆ ಸಂತೋಷ. ಆದರೆ ಕಾಗದವನ್ನು ಅರ್ಧ ಓದುವುದು ನನ್ನ ಧರ್ಮವಲ್ಲ. ಅದರ ಕೆಳಗೆ ಹೀಗಿದೆ: "ಅವಘಡದ ಸಮಯಕ್ಕೆ ಮನೆಯ ಯಜಮಾನನು ಎಲ್ಲಿದ್ದನೆಂದು ಬಾವಿಯಲ್ಲಿ ನೀರು ಸೇದುತ್ತಿದ್ದವರನ್ನು ವಿಚಾರಿಸಲಾಗಿ, ಸದರಿಯವನು ಓಡಿಬಂದು ಬಾವಿಯ ಹಗ್ಗದ ಮೇಲೆಯೇ ಕುಳಿತು, ಎರಡೂ ಕಣ್ಣು ಮುಚ್ಚಿಕೊಂಡು, 'ಅವ್ವಾ, ಬಾರೇ, ನನ್ನ ಕಾಪಾಡೇ' ಎಂದು ಕೂಗುತ್ತಿದ್ದನೆಂದು ಹೇಳಿರುತ್ತಾರೆ."

ಅಂದು ಕೇರಿಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ ಆದ್ದರಿಂದ, ನೆರೆದ ಜನಕ್ಕೆ ಅದನ್ನು ಗಟ್ಟಿಯಾಗಿ ಓದಿ ಹೇಳಿದವನೂ ನಾನೇ. ಕೆಳಗೆ 'ಓದಿ ನೋಡಿ ಸರಿಯೆಂದು ಒಪ್ಪಿದ್ದೇನೆ' ಎಂಬ ರುಜುವೂ ನನ್ನದೇ. ಅಕ್ಷರ ಸ್ವಲ್ಪ ನಡುಗಿದೆ. ಆದರೆ ಓದಲು ಏನೂ ತೊಂದರೆಯಿಲ್ಲ.