ಸಿದ್ದಪ್ಪನ ಸಾವಿರದ ಐನೂರ ಅರವತ್ತು ಚಿಪ್ಪು

ಎಪ್ಪತ್ತರ ದಶಕದ ಕೊನೆಯ ಮಾತು. ಬೆಂಗಳೂರಿನ ಡಾಕ್ಟರುಗಳು ಕುಡಿತದ ಸಮೀಕ್ಷೆಗೆಂದು ಶೆಟ್ಟಿಕೆರೆ ಕಡೆಗೆ ಬಂದವರು ನಮ್ಮೂರಿನ ಫಾರಂಗಳನ್ನು ನನಗೊಪ್ಪಿಸಿದರು. ಪ್ರಶ್ನೆ ಎರಡೇ. ಈಗ ಎಷ್ಟು ಕುಡಿಯುತ್ತೀರಿ? ಹುಟ್ಟಿದಾಗಿನಿಂದ ಒಟ್ಟು ಎಷ್ಟು ಕುಡಿದಿದ್ದೀರಿ? ಲೆಕ್ಕದ ಮೇಷ್ಟ್ರಿಗೆ ಇದ್ಯಾವ ಮಹಾ!

ಮೊದಲು ಪಕ್ಕದ ಮನೆಯ ಸಿದ್ದಪ್ಪನಲ್ಲಿಗೆ ಹೋದೆ. ಅವನ ಹೆಂಡತಿ ಗೌರಮ್ಮ ಅಂಗಳ ಸಾರಿಸುತ್ತಿದ್ದಳು.

"ಇವತ್ತು ಬ್ಯಾಡಿ ಮೇಷ್ಟ್ರೇ. ಮಗಳ್ನ ನೋಡಾಕೆ ಕೆಂಕೆರೆಯಿಂದ ಗಂಡಿನೋರು ಬತ್ತಾವ್ರೆ."

ಆ ಹುಡುಗಿಗೆ ಆಗಲೇ ಎರಡು ಸಂಬಂಧ ತಪ್ಪಿದ್ದವು. ಪಾಪ, ಗೌರಮ್ಮನಿಗೆ ಅದೇ ಕೊರಗು.

"ಐದೇ ನಿಮಿಷ ಕಣಮ್ಮ" ಎಂದು ಜಗಲಿಯಲ್ಲಿ ಕುಳಿತೇಬಿಟ್ಟೆ.

"ಈಗ ಎಷ್ಟು ಕುಡೀತೀಯಪ್ಪ ಸಿದ್ದಪ್ಪ?"

"ಒಂದು ತೊಟ್ಟೂ ಇಲ್ಲ. ಮಗಳ ತಲೆ ಮುಟ್ಟಿ ಆಣೆ ಮಾಡಿ ಬುಟ್ಟು ಆರು ವರ್ಷ ಆಯ್ತು."

ಸೊನ್ನೆ ಬರೆದೆ. "ಒಟ್ಟು?"

"ಅದನ್ನ ಯಾವೋನು ಲೆಕ್ಕ ಮಡಗಿದ್ದ? ವಾರವಾರ ಸಂತೆ ದಿನ ಎರಡು ಚಿಪ್ಪು ಹೆಂಡ. ಹದಿನೈದು ವರ್ಷ."

ಗುಣಿಸಿದೆ. ಸಾವಿರದ ಐನೂರ ಅರವತ್ತು ಚಿಪ್ಪು! ಆದರೆ ಫಾರಂ ಕೇಳುವುದು ಲೀಟರಿನಲ್ಲಿ. ತೆಂಗಿನಕಾಯಿಗಳೆಲ್ಲ ಒಂದೇ ಗಾತ್ರವೆ? ಹಿತ್ತಲಿನ ರಾಶಿಯಿಂದ ಅವನೇ ಒಂದು ಚಿಪ್ಪು ಆರಿಸಿ ತಂದ. ನೀರು ತುಂಬಿಸಿದೆ.

"ಕುಡಿದು ತೋರಿಸು. ಚೆಲ್ಲುತ್ತಿದ್ದುದನ್ನು ಕಳೆಯಬೇಕು."

ಸಿದ್ದಪ್ಪ ಕಣ್ಣು ಮುಚ್ಚಿ, ಚಿಪ್ಪನ್ನೆತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡ. ಒಂದು ಹನಿಯೂ ಚೆಲ್ಲಲಿಲ್ಲ. ಕಣ್ಣು ಬಿಟ್ಟರೆ, ಎದುರಿಗೆ ಗಂಡಿನ ಅಜ್ಜ, ಅಪ್ಪ, ಸೋದರಮಾವ!

ಕಾಪಾಡಬೇಕಾದವನು ನಾನೇ ತಾನೆ? ಎದ್ದು ನಿಂತು ಗಂಭೀರವಾಗಿ ಸಾರಿದೆ.

"ತಾವು ಅನ್ಯಥಾ ಭಾವಿಸಬಾರದು. ಸಿದ್ದಪ್ಪ ಈಗ ಕುಡಿಯುವುದಿಲ್ಲ. ಇದು ಹಳೆಯದರ ಅಳತೆ. ಒಟ್ಟು ಬರೀ ಸಾವಿರದ ಐನೂರ ಅರವತ್ತು ಚಿಪ್ಪು!"

ಅವನು ಕುಡಿಯುತ್ತಿದ್ದನೆಂಬುದೇ ಅವರಿಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಗೌರಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಹೊಸಿಲ ಮೇಲೆ ಕುಸಿದಳು. ನನಗೆ ನಿಜವಾಗಿ ಅಳು ಬಂತು. ಒಂದು ಹೆಣ್ಣುಮಗುವಿನ ಮದುವೆಯನ್ನು ಮಗ್ಗಿ ಹೇಳಿ ಮುರಿದಿದ್ದೆ.

ಅಜ್ಜ ನಿಧಾನವಾಗಿ ಚಿಪ್ಪನ್ನು ತೆಗೆದುಕೊಂಡು ಮೂಸಿದರು.

"ನೀರೇ ಕಣ್ಲಾ" ಎಂದರು ಮಗನಿಗೆ. ಸಿದ್ದಪ್ಪನ ಕಡೆ ತಿರುಗಿ, "ಅಷ್ಟು ಕುಡಿದೋನು ಯಾಕಪ್ಪ ಬುಟ್ಟೆ?"

"ಮಗಳು ಅತ್ತಳು" ಎಂದ ಸಿದ್ದಪ್ಪ.

ಅಜ್ಜ ಚಾಪೆಯ ಮೇಲೆ ಕುಳಿತರು. "ಕುಡೀದೇ ಇರೋರು ಬೇಕಾದಷ್ಟು ಜನ ಅವ್ರೆ. ಬುಟ್ಟೋನು ಸಿಗಾದು ಕಷ್ಟ. ಹೆಣ್ಣ ಕರೀರಮ್ಮ."

ಹೋದ ಜೀವ ಬಂದಂತಾಯಿತು. ಸುಮ್ಮನೆ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಎಲ್ಲ ನನ್ನಿಂದಲೇ ಆಯಿತೆಂಬ ಗತ್ತಿನಲ್ಲಿ, ಡಾಕ್ಟರುಗಳ ಸಮೀಕ್ಷೆ, ಊರಿನವರೆಲ್ಲರ ಫಾರಂ ಎಂದು ವಿವರಿಸುತ್ತ ಉಪ್ಪಿಟ್ಟಿಗೂ ಕುಳಿತೆ.

"ಅಲ್ಲ ಮೇಷ್ಟ್ರೇ, ನಿಮ್ಮ ಫಾರಂ?" ಎಂದರು ಅಜ್ಜ.

"ನನ್ನದೇ? ಅದರಲ್ಲಿ ಬರೆಯುವಂಥದ್ದೇನಿದೆ!" ಎಂದು ನಕ್ಕೆ.

ಗೌರಮ್ಮನಿಗೆ ನೆರವಾಗಲು ಬಂದಿದ್ದ ನನ್ನ ಹೆಂಡತಿ ಕೈ ಒರೆಸಿಕೊಂಡು ಈಚೆಗೆ ಬಂದಳು. "ಕೊಡಿ ಇಲ್ಲಿ" ಎಂದು ಪೆನ್ನು ಕಿತ್ತುಕೊಂಡಳು. ನನ್ನನ್ನು ಒಂದು ಮಾತೂ ಕೇಳದೆ ಎರಡು ಕಲಂಗಳನ್ನೂ ತುಂಬಿದಳು.

ಎರಡರಲ್ಲೂ ಸೊನ್ನೆ ಇರಲಿಲ್ಲ.