ನಿಂಬೆಗಿಡದ ತಿರುವು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಿಂಬೆಗಿಡದ ತಿರುವಿನಲ್ಲಿ ಊಟದ ಬೋಗಿ ಮಗುಚಿ ಬಿತ್ತು. ಒಳಗಿದ್ದ ಹನ್ನೆರಡು ಪ್ರಯಾಣಿಕರು, ಆರು ಮೇಜು, ಒಬ್ಬ ಮಾಣಿ, ಎಲ್ಲ ಒಂದೇ ಕಡೆಗೆ ಜಾರಿ ರಾಶಿಯಾದರು. ಪ್ರಯಾಣಿಕರು ಜೇಡಿಮಣ್ಣಿನವರು, ಹೆಬ್ಬೆರಳಷ್ಟು ಎತ್ತರದವರು. ಆದ್ದರಿಂದ ಸಾವುನೋವೇನೂ ಆಗಲಿಲ್ಲ. ಮಾಣಿಯ ಕೈಯಲ್ಲಿದ್ದ ತಟ್ಟೆ ಮಾತ್ರ ಕಳಚಿಕೊಂಡು ಹುಲ್ಲಿನಲ್ಲಿ ಕಾಣೆಯಾಯಿತು.

ಬೋಗಿ ಕಟ್ಟಿದವರು ಮಾತ್ರ ಹುಲ್ಲಿನ ಮೇಲೆ ಮಂಡಿಯೂರಿ ಕೂತುಬಿಟ್ಟರು. ಅವರಿಗೆ ಪೇಟೆಯ ಮೂಲೆಯಲ್ಲಿ ಒಂದು ಕನ್ನಡಕದ ಅಂಗಡಿ. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದೂ ಕನ್ನಡಕದವರು ಎಂದೇ. ವಾರದಲ್ಲಿ ಆರು ದಿನ ಊರಿನವರ ಮೂಗಿನ ಮೇಲೆ ಕನ್ನಡಕ ನೆಟ್ಟಗೆ ಕೂರಿಸುವುದು, ಏಳನೆಯ ದಿನ ಮನೆಯ ಹಿಂದಿನ ತೋಟದಲ್ಲಿ ರೈಲು ಓಡಿಸುವುದು, ಇದು ಅವರ ಬದುಕು. ಅಂಗೈ ಅಗಲದ ಹಳಿ ಅಡುಗೆಮನೆ ಬಾಗಿಲಿನಿಂದ ಹೊರಟು ನೀರಿನ ತೊಟ್ಟಿಯನ್ನು ಬಳಸಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಹಾದು, ನಿಂಬೆಗಿಡದ ಬುಡದಲ್ಲಿ ತಿರುಗಿ ವಾಪಸು ಬರುತ್ತಿತ್ತು.

ಊಟದ ಬೋಗಿ ಕಟ್ಟಲು ಅವರಿಗೆ ಎಂಟು ತಿಂಗಳು ಹಿಡಿದಿತ್ತು. ಗೋಡೆಗೆ ತೆಳು ಪ್ಲೈವುಡ್ಡು, ಛಾವಣಿಗೆ ಬಿಸ್ಕತ್ತಿನ ಡಬ್ಬಿಯ ತಗಡು, ಕಿಟಕಿಗೆ ಅಂಗಡಿಯಲ್ಲಿ ಮಿಕ್ಕ ಕನ್ನಡಕದ ಗಾಜು. ಗಾಜಿಗೆಲ್ಲ ಪವರ್ ಇದ್ದುದರಿಂದ ಪ್ರಯಾಣಿಕರಲ್ಲಿ ಕೆಲವರ ತಲೆ ಕುಂಬಳಕಾಯಿಯಷ್ಟೂ ಕೆಲವರದು ಕಡಲೆಕಾಳಿನಷ್ಟೂ ಕಾಣುತ್ತಿತ್ತು.

ಆ ದಿನ ಸಂಜೆ ನಾಲ್ಕಕ್ಕೆ ತೋಟದ ರೈಲು ಸಂಘದವರು ಬರುವವರಿದ್ದರು. ಸಂಘದಲ್ಲಿ ಹದಿನೈದೇ ಜನ, ಹದಿನಾರನೆಯವನಿಗೆ ಜಾಗವಿಲ್ಲ. ಕನ್ನಡಕದವರು ಅರ್ಜಿ ಹಾಕಿ ಆರು ವರ್ಷವಾಗಿತ್ತು. ಸದಸ್ಯರೊಬ್ಬರು ಊರು ಬಿಟ್ಟುಹೋಗಿ ಈಗ ಒಂದು ಜಾಗ ಖಾಲಿಯಾಗಿತ್ತು. ನಿಯಮ ಸರಳ. ಸ್ವಂತ ಕೈಯಿಂದ ಕಟ್ಟಿದ ಬೋಗಿ, ಸ್ವಂತ ತೋಟದಲ್ಲಿ, ಪದಾಧಿಕಾರಿಗಳ ಕಣ್ಣೆದುರಿಗೆ ಮೂರು ಸುತ್ತು ಬರಬೇಕು. ಒಮ್ಮೆಯೂ ಹಳಿ ತಪ್ಪಬಾರದು.

ಮನೆಯಲ್ಲಿ ರೈಲಿನ ಮಾತೆತ್ತಿದರೆ ಹೆಂಡತಿ ಎದ್ದು ಒಲೆ ಆರಿಸಲು ಹೋಗುತ್ತಿದ್ದಳು, ಒಲೆ ಹಚ್ಚಿರದಿದ್ದರೂ. ಅಂಗಡಿಯಲ್ಲಿ ಎತ್ತಿದರೆ ಗಿರಾಕಿಗಳು ಗಡಿಯಾರ ನೋಡುತ್ತಿದ್ದರು. ಊರಿನಲ್ಲಿ ತನ್ನ ಮಾತು ಅರ್ಥವಾಗುವವರು ಹದಿನಾಲ್ಕು ಜನ ಇದ್ದಾರೆ, ಅವರ ನಡುವೆ ಒಂದು ಕುರ್ಚಿ ಸಿಕ್ಕರೆ ಸಾಕು ಎಂಬುದಷ್ಟೇ ಅವರ ಆಸೆ.

"ಬಿತ್ತಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಬೀಳ್ಲಿಲ್ಲ. ಸ್ವಲ್ಪ ವಾಲ್ತು."

"ಐದು ಸಲ ವಾಲ್ತು. ತಿಂಡಿ ಆರಿ ಹೋಗಿ ಅರ್ಧ ಗಂಟೆ ಆಯ್ತು."

ಕನ್ನಡಕದವರು ಬೋಗಿಯನ್ನು ಎತ್ತಿ, ಚಕ್ರಗಳನ್ನು ಒಂದೊಂದಾಗಿ ಕಣ್ಣಿಗೆ ಹಿಡಿದು ನೋಡಿದರು. ಎಲ್ಲ ಸರಿಯಿತ್ತು. ಹಳಿಗೇರಿಸಿ ಬಿಟ್ಟರು. ತಿರುವಿನಲ್ಲಿ ಬೋಗಿ ಕೆಸರು ಕಂಡ ಎಮ್ಮೆಯಂತೆ ಹೊರಮಗ್ಗುಲಿಗೆ ಮಲಗಿತು.

ಅಷ್ಟರಲ್ಲಿ ಏಣಿ ಕೇಳಲು ಭಾವಮೈದುನ ಬಂದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಬಗ್ಗಿ ನೋಡಿದವನೇ ಏಣಿಯ ವಿಷಯ ಮರೆತ.

"ಭಾವ, ಇದು ಬಾಳ ಸಿಂಪಲ್ಲು. ಉದ್ದ ಜಾಸ್ತಿ ಆಗಿದೆ. ಉದ್ದನೇ ಬಸ್ಸು ಸಣ್ಣ ಗಲ್ಲೀಲಿ ತಿರುಗುತ್ತಾ?"

"ಇದು ಬಸ್ಸಲ್ಲ ಕಣಯ್ಯ."

"ಚಕ್ರ ಇದೆಯಲ್ಲ?"

ಭಾವಮೈದುನ ಪೆನ್ಸಿಲಿನಿಂದ ಗೆರೆ ಎಳೆದೇಬಿಟ್ಟ. ಕತ್ತರಿಸಬೇಕಾದ್ದು ಹಿಂದಿನ ನಾಲ್ಕು ಬೆರಳು. ಆ ನಾಲ್ಕು ಬೆರಳಿನಲ್ಲೇ ಬೋಗಿಯ ಅಡುಗೆಮನೆ ಇತ್ತು. ಅದರೊಳಗೆ ಗೋಧಿಕಾಳಿನಷ್ಟು ದಪ್ಪದ ಒಂಬತ್ತು ಪಾತ್ರೆಗಳಿದ್ದವು. ಅವನ್ನು ತಿಕ್ಕಿ ಹೊಳೆಯಿಸಲು ಕನ್ನಡಕದವರಿಗೆ ಮೂರು ಭಾನುವಾರ ಬೇಕಾಗಿತ್ತು.

"ಅಡುಗೆಮನೆ ಇಲ್ದೇ ಊಟದ ಬೋಗಿ ಹೇಗಯ್ಯಾ ಆಗುತ್ತೆ?"

"ಬುತ್ತಿ ತಂದ್ಕೋತಾರೆ ಬಿಡಿ ಭಾವ," ಎಂದು ಅವನು ಗರಗಸ ಎಳೆದ.

ಕಾಂಪೌಂಡ್ ಗೋಡೆಯ ಮೇಲೆ ಒಂದು ತಲೆ ಎದ್ದಿತು. ಪಕ್ಕದ ಮನೆಯ ಗಾರೆ ಮೇಸ್ತ್ರಿಯ ತಲೆ ಅದು. ಮೂವತ್ತೈದು ವರ್ಷ ಊರಿನ ಗೋಡೆಗಳನ್ನೆಲ್ಲ ಎಬ್ಬಿಸಿ ಈಗ ಕೆಲಸ ಬಿಟ್ಟಿದ್ದರು. ಕೆಲಸ ಬಿಟ್ಟರೂ ಚಾಳಿ ಬಿಟ್ಟಿರಲಿಲ್ಲ. ಮದುವೆ ಮನೆಗೆ ಹೋದರೂ ಒಂದು ಕಣ್ಣು ಮುಚ್ಚಿ ಛತ್ರದ ಕಂಬ ನೆಟ್ಟಗಿದೆಯೇ ಎಂದು ನೋಡದೆ ಊಟಕ್ಕೆ ಕೂರುತ್ತಿರಲಿಲ್ಲ.

"ಕನ್ನಡಕದವ್ರೇ, ಒಂದು ಮಾತು ಹೇಳ್ಲಾ?"

"ಆಮೇಲೆ ಮೇಸ್ತ್ರಿ, ಆಮೇಲೆ. ಇದು ಗೋಡೆ ಕೆಲಸ ಅಲ್ಲ."

ತಲೆ ಕೆಳಗಿಳಿಯಿತು.

ಮೋಟು ಬೋಗಿ ಹಳಿಯೇರಿತು. ತಿರುವಿನಲ್ಲಿ ಮತ್ತೆ ಹೊರಮಗ್ಗುಲಿಗೆ ಬಿತ್ತು. ಮೊದಲು ನಿಧಾನವಾಗಿ ಮಲಗುತ್ತಿದ್ದದ್ದು ಈಗ ಹಗುರಾಗಿ ಎಗರಿ ಬಿತ್ತು, ಅಷ್ಟೇ ವ್ಯತ್ಯಾಸ.

"ಭಾರ ಸಾಲ್ದು," ಎಂದ ಭಾವಮೈದುನ, ಒಂದಿಷ್ಟೂ ನಾಚದೆ. "ಹೊರಗಡೆಗೆ ಬೀಳುತ್ತೆ ಅಂದ್ರೆ ಒಳಗಡೆಗೆ ಭಾರ ಹಾಕ್ಬೇಕು."

ಅವನ ಪ್ಯಾಂಟಿನ ಜೇಬಿನಲ್ಲಿ ಬೇರೆಯವರಿಗೆ ಕರವಸ್ತ್ರವಿರುವಂತೆ ನಟ್ಟು ಬೋಲ್ಟುಗಳಿರುತ್ತಿದ್ದವು. ಹನ್ನೊಂದು ಬೋಲ್ಟುಗಳನ್ನು ಬೋಗಿಯ ಒಳಮಗ್ಗುಲಿಗೆ ಸಾಲಾಗಿ ಅಂಟಿಸಲಾಯಿತು. ಅದಕ್ಕೆ ಜಾಗ ಸಾಲದೆ ಆ ಕಡೆಯ ಮೂರು ಮೇಜು, ಆರು ಪ್ರಯಾಣಿಕರನ್ನು ಕಿತ್ತು ಹೊರಗಿಡಬೇಕಾಯಿತು. ನೀರಿನ ತೊಟ್ಟಿಯ ಅಂಚಿನಲ್ಲಿ ಸಾಲಾಗಿ ಕೂತ ಆ ಆರು ಮಂದಿ ರೈಲು ತಪ್ಪಿಸಿಕೊಂಡವರ ಮುಖ ಹೊತ್ತು ನೋಡುತ್ತಿದ್ದರು.

ಈಗ ಇಂಜಿನ್ನು ಬೋಗಿಯನ್ನು ಎಳೆಯಲಾರದೆ ಗೊರ್ ಎಂದು ನಿಂತಲ್ಲೇ ಚಕ್ರ ತಿರುಗಿಸಿತು.

"ಅಯ್ಯೋ, ತಲೆ ಮೇಲೆ ಆ ತಗಡು ಯಾಕೆ ಹೊರಿಸಿದ್ದೀರಿ?" ಎಂದು ಹೆಂಡತಿಯೂ ಈಗ ಕೈಹಾಕಿದಳು. ಮಧ್ಯಾಹ್ನದ ಊಟಕ್ಕೆ ಇಬ್ಬರನ್ನೂ ಕರೆದು ಕರೆದು ಸಾಕಾಗಿ, ಬೇಗ ಮುಗಿದರೆ ಸಾಕೆಂದು ಅವಳು ಬಂದಿದ್ದಳು. ತಗಡಿನ ಛಾವಣಿ ಹೋಯಿತು. ಅದರ ಜಾಗಕ್ಕೆ ಅವಳ ಹೊಸ ಚಪ್ಪಲಿ ಬಂದಿದ್ದ ಡಬ್ಬಿಯ ರಟ್ಟು ಬಂತು. ರಟ್ಟಿನ ಮೇಲೆ ಚಪ್ಪಲಿಯ ಅಳತೆ 'ಆರು' ಎಂದು ದಪ್ಪಕ್ಷರದಲ್ಲಿತ್ತು.

"ಬೋಗಿ ನಂಬರು ಅಂದ್ಕೋತಾರೆ ಬಿಡಿ," ಎಂದಳು.

"ಕನ್ನಡಕದವ್ರೇ," ಎಂದಿತು ಗೋಡೆಯ ಮೇಲಿನ ತಲೆ.

"ಮೇಸ್ತ್ರಿ, ನಿಮ್ಗೆ ಕೈ ಮುಗೀತೀನಿ!"

ಮುಂದಿನ ಎರಡು ಗಂಟೆ ಕನ್ನಡಕದವರ ಪಾಲಿಗೆ ಎರಡು ವರ್ಷದಂತೆ ಸಾಗಿತು. ಒಳಗಡೆಯ ಚಕ್ರಗಳನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿದರು. ಒಂದು ಬೋಲ್ಟು ತೆಗೆದರು, ಎರಡು ಹಾಕಿದರು, ಮತ್ತೆ ಒಂದು ತೆಗೆದರು. ಅಂಟು ಬೆರಳಿಗೆ ಮೆತ್ತಿಕೊಂಡು, ಆ ಬೆರಳಿನಿಂದ ಹಣೆ ಒರೆಸಿಕೊಂಡದ್ದರಿಂದ ಎಡಹುಬ್ಬು ಮೇಲಕ್ಕೇರಿ ಅಲ್ಲೇ ನಿಂತಿತು. ಅವರು ಏನು ಮಾತಾಡಿದರೂ ಯಾವುದೋ ಸಂಶಯ ಪಡುತ್ತಿರುವಂತೆ ಕಾಣುತ್ತಿತ್ತು.

ಎರಡೂವರೆಗೆ ಪವಾಡ ನಡೆಯಿತು. ಬೋಗಿ ನಿಂಬೆಗಿಡದ ತಿರುವು ದಾಟಿತು!

ಇನ್ನೊಂದು ಸುತ್ತು ಬಿಟ್ಟರು, ದಾಟಿತು. ಮೂರು, ನಾಲ್ಕು, ಒಂಬತ್ತು ಸುತ್ತು. ನೆಟ್ಟನೆಯ ಹಳಿಯ ಮೇಲೆ ಅದು ಒಂದು ಕಾಲು ಚರಂಡಿಯಲ್ಲಿಟ್ಟವನಂತೆ ವಾರೆಯಾಗಿ ಬರುತ್ತಿತ್ತು ನಿಜ, ಆದರೆ ತಿರುವಿಗೆ ಬಂದ ಕೂಡಲೇ ಮೈಯೆಲ್ಲ ಸರಿಯಾಗಿ, ರಾಜಗಾಂಭೀರ್ಯದಿಂದ ತಿರುಗುತ್ತಿತ್ತು.

"ನಾನ್ ಹೇಳ್ಲಿಲ್ವಾ ಭಾವ?" ಎಂದು ಭಾವಮೈದುನ ಏಣಿ ಹೊತ್ತುಕೊಂಡು ಹೊರಟುಹೋದ.

ಕನ್ನಡಕದವರು ಬೋಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗಲಿಯ ಮೇಲಿಟ್ಟರು. ಅಡುಗೆಮನೆಯಿಲ್ಲ, ಅರ್ಧ ಪ್ರಯಾಣಿಕರಿಲ್ಲ, ತಲೆಯ ಮೇಲೆ ಚಪ್ಪಲಿ ಡಬ್ಬಿ. ಎಂಟು ತಿಂಗಳ ಕೆಲಸ ಆರು ಗಂಟೆಯಲ್ಲಿ ಮುದುಡಿಹೋಗಿತ್ತು. ಆದರೂ ಅದು ಬೀಳುತ್ತಿರಲಿಲ್ಲ.

"ನಾನು ಸ್ನಾನ ಮಾಡಿ ಇಸ್ತ್ರಿ ಶರ್ಟ್ ಹಾಕ್ಕೊಂಡು ಬರ್ತೀನಿ," ಎಂದರು ಹೆಂಡತಿಗೆ. "ನನ್ನಾಣೆ, ಯಾರಾದ್ರೂ ಸರಿ, ಈ ಬೋಗಿ ಮುಟ್ಟಬಾರದು. ನೀನೂ ಸೇರಿ."

"ನಂಗೇನ್ ಹುಚ್ಚೇ ಅದನ್ನ ಮುಟ್ಟೋಕೆ?"

ಹುಬ್ಬಿನ ಅಂಟು ಬಿಡಿಸುವುದರಲ್ಲಿ ಸ್ನಾನ ಮುಕ್ಕಾಲು ಗಂಟೆ ಹಿಡಿಯಿತು.

ನಾಲ್ಕಕ್ಕೆ ಸರಿಯಾಗಿ ಸಂಘದವರು ಬಂದರು. ಅಧ್ಯಕ್ಷರು ಊರಿನ ಹಲ್ಲಿನ ಡಾಕ್ಟರು, ಜೊತೆಗೆ ನಿಯಮಾವಳಿಯ ಪುಸ್ತಕ ಕಂಕುಳಲ್ಲಿಟ್ಟುಕೊಂಡ ಕಾರ್ಯದರ್ಶಿ. ಅಧ್ಯಕ್ಷರು ಬೋಗಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಸಡಿಲವಾದ ಹಲ್ಲನ್ನು ನೋಡುವಂತೆ ಅಲ್ಲಾಡಿಸಿ ನೋಡಿದರು. ಆಮೇಲೆ ಕಿಟಕಿಯಲ್ಲಿ ಇಣುಕಿದರು.

"ಈ ಯಜಮಾನರಿಗೆ ಮುಖ ಊದಿದೆಯಲ್ಲ?"

"ಅದು ಪ್ಲಸ್ ಆರು, ಸರ್."

"ಓಹೋ." ಅವರು ರಟ್ಟಿನ ಛಾವಣಿಯ ಕಡೆ ಕಣ್ಣು ಹಾಯಿಸಿದರು. "ಇಲ್ಲೂ ಆರು. ಸರಿ, ಬಿಡಿ ನೋಡೋಣ."

ಕನ್ನಡಕದವರು ಗುಂಡಿ ಒತ್ತಿದರು. ರೈಲು ಹೊರಟಿತು. ತೊಟ್ಟಿ ಬಳಸಿತು, ಹಗ್ಗದ ಕೆಳಗೆ ಹಾದಿತು. ನಿಂಬೆಗಿಡದ ಹತ್ತಿರ ಬರುತ್ತಿದ್ದಂತೆ ಕನ್ನಡಕದವರು ಕಿರುನಗೆ ಬೀರಿದರು.

ಬೋಗಿ ಮಗುಚಿತು. ಬೆಳಿಗ್ಗೆಯೆಲ್ಲ ಹೊರಕ್ಕೆ ಬೀಳುತ್ತಿದ್ದದ್ದು ಈಗ ಒಳಕ್ಕೆ ಬಿತ್ತು. ಹನ್ನೊಂದು ಬೋಲ್ಟುಗಳ ಭಾರಕ್ಕೆ ಇಡೀ ರೈಲನ್ನೇ ಜೊತೆಗೆ ಎಳೆದುಕೊಂಡು ಬಿತ್ತು.

"ಒಂಬತ್ತು ಸಲ ಹೋಗಿದೆ ಸರ್! ದೇವರಾಣೆ ಒಂಬತ್ತು ಸಲ!"

ಎರಡನೆಯ ಸಲವೂ ಬಿತ್ತು. ಮೂರನೆಯ ಸಲ ರಟ್ಟಿನ ಛಾವಣಿ ಹಾರಿ ಕಾರ್ಯದರ್ಶಿಯ ಕಾಲಿನ ಹತ್ತಿರ ಬಂತು. ಅವರು ಪುಸ್ತಕ ಮುಚ್ಚಿದರು.

ಅಧ್ಯಕ್ಷರು ಮಾತ್ರ ಬೋಗಿಯನ್ನು ನೋಡುತ್ತಿರಲಿಲ್ಲ. ತಿರುವಿನ ಪಕ್ಕದಲ್ಲಿ ಮಂಡಿಯೂರಿ, ಹಳಿಯ ಮೇಲೆ ಕೆನ್ನೆಯಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ರೀ, ಈ ತಿರುವು ಯಾರು ಕೂರಿಸಿದ್ದು?"

ಕನ್ನಡಕದವರೂ ಬಗ್ಗಿ ನೋಡಿದರು. ಬೆಳಿಗ್ಗೆ ಹುಲ್ಲಿನಲ್ಲಿ ಹೂತಿದ್ದ ಹಳಿ ಈಗ ಹೆಂಚಿನ ಚೂರು, ಜರಡಿ ಹಿಡಿದ ಮರಳಿನ ಮೇಲೆ, ಗೆರೆ ಕೊರೆದಂತೆ ಕೂತಿತ್ತು. ಹೊರಗಿನ ಅಂಚು ಒಂದು ನೂಲಿನಷ್ಟು ಮೇಲಕ್ಕಿತ್ತು.

ಅವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.

"ಪಕ್ಕದ್ಮನೆ ಮೇಸ್ತ್ರಿ ಬಂದಿದ್ರು," ಎಂದಳು ಅವಳು. "ಬೆಳಿಗ್ಗೆಯಿಂದ ಒಂದು ಮಾತು ಹೇಳ್ಬೇಕು ಅಂತಿದ್ರಲ್ಲ, ಪಾಪ. ಮಣ್ಣು ಕುಸಿದು ಹಳಿ ಹೊರಗಡೆಗೆ ವಾಲಿದೆ, ಅರ್ಧ ಗಂಟೆ ಕೆಲ್ಸ ಅಂದ್ರು. ಸರಿ ಮಾಡಿ ಅಂದೆ."

"ನಾನು ಏನು ಹೇಳಿ ಹೋಗಿದ್ದೆ ನಿಂಗೆ?"

"ಬೋಗಿ ಮುಟ್ಟಬಾರದು ಅಂದ್ರಿ. ಅವ್ರು ಬೋಗಿ ಮುಟ್ಟಲಿಲ್ಲ."

ಗೋಡೆಯ ಮೇಲೆ ತಲೆ ಎದ್ದಿತು. "ತಪ್ಪಾಯ್ತೇನೋ ಸರ್. ತಿರುವು ಅಂದ್ಮೇಲೆ ಹೊರಗಡೆ ಒಂಚೂರು ಎತ್ತರ ಇರ್ಬೇಕಲ್ವಾ? ರಸ್ತೆಗೂ ಹಾಗೇ ಮಾಡೋದು. ಅದಕ್ಕೇ ಮಾಡ್ದೆ."

"ತಪ್ಪಾ!" ಅಧ್ಯಕ್ಷರು ಎದ್ದು ನಿಂತರು. ಅವರ ಕಣ್ಣು ತುಂಬಿದಂತಿತ್ತು. "ನಮ್ಮ ಸಂಘದ ಮೈದಾನದಲ್ಲಿ ನಾಲ್ಕು ತಿರುವು ಇದೆ ಮೇಸ್ತ್ರಿ. ಎರಡು ವರ್ಷದಿಂದ ನಾಲ್ಕರಲ್ಲೂ ಬೀಳ್ತಿದೀವಿ. ಹದಿನಾಲ್ಕು ಜನಕ್ಕೂ ಬೋಗಿ ಕಟ್ಟೋಕೆ ಬರುತ್ತೆ. ಹಳಿ ಕೂರಿಸೋಕೆ ಒಬ್ಬರಿಗೂ ಬರಲ್ಲ. ದಯವಿಟ್ಟು ಒಳಗೆ ಬನ್ನಿ."

"ಸ್ವಂತ ಕೈಯಿಂದ ಕಟ್ಟಿದ ಬೋಗಿ ಅಂತ ನಿಯಮ ಇದೆ," ಎಂದರು ಕಾರ್ಯದರ್ಶಿ.

"ಬೋಗಿ ಅಥವಾ ಹಳಿ ಅಂತ ತಿದ್ದಿ. ಪೆನ್ನು ಇದೆಯಲ್ಲ?"

ಕಾರ್ಯದರ್ಶಿ ತಿದ್ದಿದರು. ಮೇಸ್ತ್ರಿ ಗೇಟಿನಿಂದ ಸುತ್ತಿ ಬರುವಷ್ಟರಲ್ಲಿ ಸಂಘದ ಹದಿನೈದನೆಯ ಸದಸ್ಯರಾಗಿದ್ದರು. ಕನ್ನಡಕದವರಿಗಾಗಿ ತಂದಿದ್ದ ಸಂಘದ ಬಿಲ್ಲೆಯನ್ನು ಅಧ್ಯಕ್ಷರು ಮೇಸ್ತ್ರಿಯ ಬನಿಯನ್ನಿಗೆ ಚುಚ್ಚಿದರು.

"ಸರ್," ಎಂದರು ಕನ್ನಡಕದವರು. "ಬೋಗಿ ಬೆಳಿಗ್ಗೆ ಇದ್ದ ಹಾಗೇ ಇದ್ದಿದ್ರೆ ಈ ತಿರುವಲ್ಲಿ ಹೋಗ್ತಿತ್ತು ಸರ್. ಅದರಲ್ಲಿ ಅಡುಗೆಮನೆ ಇತ್ತು. ಒಂಬತ್ತು ಪಾತ್ರೆ ಇತ್ತು."

ಅಧ್ಯಕ್ಷರು ಹಲ್ಲು ಕೀಳುವ ಮೊದಲು ಹಾಕುವ ಕೈಯಂತೆ ಅವರ ಹೆಗಲ ಮೇಲೆ ಮೆತ್ತಗೆ ಕೈಹಾಕಿದರು. "ಬೇಜಾರ್ ಮಾಡ್ಕೋಬೇಡಿ. ನಿಯಮ ಹನ್ನೆರಡರ ಪ್ರಕಾರ ಪ್ರತಿ ಸದಸ್ಯರೂ ಒಬ್ಬ ಕೈಯಾಳನ್ನ ಕರ್ಕೊಂಡು ಬರಬಹುದು. ಏನಂತೀರಿ ಮೇಸ್ತ್ರಿ?"

ಮೇಸ್ತ್ರಿ ಕನ್ನಡಕದವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೊಸಬನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ನೋಡುವ ಹಾಗೇ.

"ಒಳ್ಳೇ ಜನ, ಪಾಪ. ಕಲಿಸ್ತೀನಿ ಬಿಡಿ."

ಅಧ್ಯಕ್ಷರ ಒತ್ತಾಯಕ್ಕೆ ಮೇಸ್ತ್ರಿ ಆಗಲೇ ಉಳಿದ ಹಳಿಯನ್ನೂ ನೋಡಿಬಿಡಲು ಹೊರಟರು. ಹಿಂದೆ ಅಧ್ಯಕ್ಷರು, ಅವರ ಹಿಂದೆ ಬರೆದುಕೊಳ್ಳುತ್ತಾ ಕಾರ್ಯದರ್ಶಿ. ಹೆಂಡತಿ ಮೇಸ್ತ್ರಿಗೆ ಕುರ್ಚಿ ತಂದು ಹಾಕಿದಳು. ಆ ತೋಟದಲ್ಲಿ ಕನ್ನಡಕದವರಿಗೆ ಅವಳು ಒಂದು ದಿನವೂ ಕುರ್ಚಿ ಹಾಕಿದವಳಲ್ಲ. ಮೇಸ್ತ್ರಿ ಸೊಂಟದಿಂದ ದಾರದುಂಡೆ ತೆಗೆದು, ಅದರ ತುದಿಯನ್ನು ಕನ್ನಡಕದವರ ಕೈಗಿತ್ತು, ತೊಟ್ಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂರಿಸಿದರು. ಇಸ್ತ್ರಿ ಶರ್ಟಿನ ಅಂಚು ಕೆಸರಿಗೆ ತಾಗಿತು.

ಮೇಸ್ತ್ರಿ ಆಚೆ ತುದಿಯಲ್ಲಿ ದಾರ ಬಿಗಿ ಹಿಡಿದು ಒಂದು ಕಣ್ಣು ಮುಚ್ಚಿದರು.

"ಕನ್ನಡಕದವ್ರೇ," ಎಂದು ಕೂಗಿದರು, "ಸ್ವಲ್ಪ ಕಣ್ಣು ಬಿಟ್ಟು ನೋಡಿ ಹಿಡ್ಕೊಳ್ಳೀಪ್ಪಾ. ನಿಮ್ಮ ಕಡೇನೇ ವಾರೆ ಆಗ್ತಿದೆ."