ಬಾಸ್ ಮನೆಗೆ ಮಾತಾಡಿಸಲು ಹೋಗಿದ್ದು

ಚಳಿಗಾಲ ಶುರುವಾಯಿತೆಂದರೆ ಈ ದೇಶದಲ್ಲಿ ನನಗೆ ಒಂದಲ್ಲ ಒಂದು ಫಜೀತಿ ಕಟ್ಟಿಟ್ಟದ್ದು. ಉಳಿದವರು ಚಳಿಗೆ ಹೆದರುತ್ತಾರೆ, ನಾನು ಫುಟ್‌ಬಾಲಿಗೆ.

ಸಿಡ್ನಿಯಲ್ಲಿ ಕಲಿತ ವಿದ್ಯೆ

ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿದ್ದಾಗ ಊಟದ ಹೊತ್ತಲ್ಲಿ ಆಫೀಸಿನವರ ಬಾಯಲ್ಲಿ ಬರೀ ಫುಟ್‌ಬಾಲು. ನಾಲ್ಕು ಜನರ ಜೊತೆ ಕೂರಬೇಕಲ್ಲ ಅಂತ ಟೀವಿ ಮುಂದೆ ಕೂತು ಕಲಿತೆ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದು, ಒಬ್ಬನ ಮೇಲೆ ನಾಲ್ಕು ಜನ ಬೀಳುವುದು, ಎಲ್ಲ ಬಾಯಿಪಾಠ ಆಯಿತು. ಅಷ್ಟರಲ್ಲಿ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಫುಟ್‌ಬಾಲ್ ಅಂದರೆ ಬೇರೆಯೇ ಆಟ ಅಂತ ನನಗೆ ಗೊತ್ತಿರಲಿಲ್ಲ. ಮೊದಲ ದಿನವೇ ಬಾಸ್, 'ಫುಟ್‌ಬಾಲ್ ನೋಡ್ತೀಯಾ?' ಅಂದ. ಕಲಿತದ್ದನ್ನೆಲ್ಲ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, 'ಅದು ಸಿಡ್ನಿಯವರ ಆಟ. ಫುಟ್‌ಬಾಲ್ ನೋಡ್ತೀಯಾ?' ಅಂತ ಮತ್ತೆ ಕೇಳಿದ.

ಎಲ್ಲರ ಟೀಮೂ ನಮ್ಮದೇ

ಬಾಸ್ ಸ್ಪಾನ್ಸರ್ ಮಾಡಿದರೆ ಈ ದೇಶದಲ್ಲೇ ಖಾಯಂ ಉಳಿಯಲು ಪಿಆರ್, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ವಾಪಸ್ಸು. ಹಾಗಾಗಿ ಅವನು ಯಾವ ಟೀಮು ಅಂತ ಕೇಳಿದಾಗ 'ನಿಮ್ಮದೇ' ಅಂದೆ. ಅಕೌಂಟ್ಸ್ ಆಂಟಿ ಕೇಳಿದಾಗ ಅವರಿಗೂ 'ನಿಮ್ಮದೇ' ಅಂದೆ. ಮನೆಗೆ ಬಂದವರು ಕಾಫಿ ಚೆನ್ನಾಗಿದೆ ಅನ್ನುವುದಿಲ್ಲವೇ, ಹಾಗೆ. ಒಂದು ವಾರ ಆ ಎರಡು ಟೀಮಿಗೇ ಮ್ಯಾಚ್ ಬಿತ್ತು, ಇಬ್ಬರೂ ಒಟ್ಟಿಗೆ ನನ್ನ ಮೇಜಿಗೆ ಬಂದರು. 'ಯಾರು ಗೆದ್ದರೂ ಖುಷಿ' ಅಂದೆ. ಬಾಸ್ ತಿರುಗಿ ಹೊರಟುಹೋದ, ಸ್ಪಾನ್ಸರ್ ವಿಷಯವೂ ಅವನ ಜೊತೆಗೇ ಹೋಯಿತು. ಆಂಟಿ ಮಾತ್ರ ಬುದ್ಧಿ ಹೇಳಿದರು: 'ನೋಡಪ್ಪ, ನಾನೀಗ ಮೂರನೇ ಗಂಡನ ಜೊತೆ ಇದೀನಿ. ಟೀಮು ಮಾತ್ರ ಅಪ್ಪ ಕೊಟ್ಟಿದ್ದೇ.'

ಸೂತಕ

ಆ ವರ್ಷ ಬಾಸ್‌ನ ಟೀಮು ಫೈನಲ್‌ಗೆ ಹೋಗಿ ಹೀನಾಯವಾಗಿ ಸೋತಿತು. ಸೋಮವಾರ ಅವನು ಕೆಲಸಕ್ಕೆ ಬರಲಿಲ್ಲ, ಆಫೀಸಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ವೆರಿಬೀಯಲ್ಲಿದ್ದ ನಮ್ಮ ಮನೆಗೆ ಬಂದು ಹೆಂಡತಿಗೆ ಹೇಳಿದೆ, 'ನಮ್ಮ ಕಥೆ ಮುಗೀತು ಕಣೇ.'

'ಇಂಥಾ ಹೊತ್ತಲ್ಲಿ ಹೋಗಿ ಮಾತಾಡಿಸಿಕೊಂಡು ಬರಬೇಕು ರೀ,' ಅಂದಳು. ಆ ಮನೇಲಿ ಒಲೆ ಹಚ್ಚಿರಲ್ಲ ಅಂತ ಮೊಸರನ್ನವನ್ನೂ ಕಲಸಿಕೊಂಡಳು.

ಬಾಸ್ ಗರಾಜಿನಲ್ಲಿ ಟೀಮಿನ ಸ್ಕಾರ್ಫ್ ಸುತ್ತಿಕೊಂಡು ಕೂತಿದ್ದ. ನಾವೂ ಕೂತೆವು. ಸಾವಿನ ಮನೆಯಲ್ಲಿ ಏನು ಕೇಳಬೇಕು ಅಂತ ಇವಳಿಗೆ ಗೊತ್ತು. ಮೆತ್ತಗೆ ಇಂಗ್ಲಿಷಿನಲ್ಲಿ ಕೇಳಿದಳು, 'ಕೊನೇ ಗಳಿಗೆಯಲ್ಲಿ ನೀವು ಹತ್ತಿರದಲ್ಲೇ ಇದ್ರಾ?'

ಅವನ ಕಣ್ಣು ತುಂಬಿತು. 'ಇದ್ದೆ. ಎಲ್ಲರೂ ಎದ್ದು ಹೋದರು. ನಾನು ಆಟ ಮುಗಿದ ಸೈರನ್ ಆಗೋ ತನಕ ಕೂತಿದ್ದೆ.'

'ತುಂಬ ಕಷ್ಟಪಟ್ಟರಾ?'

'ಇಲ್ಲ. ಶುರುವಲ್ಲೇ ಜೀವ ಹೋಗಿತ್ತು.'

ನನಗೆ ನಗು ಬರಲಿಲ್ಲ, ಪಿಆರ್‌ನದೇ ಚಿಂತೆ. ಬರುತ್ತೇವೆ ಅಂತಲೂ ಹೇಳದೆ ಎದ್ದು ಹೊರಟೆವು, ಅಂಥ ಮನೆಯಲ್ಲಿ ಹೇಳಬಾರದು. ಬಾಸ್ ಕಾರಿನ ತನಕ ಬಂದು ನನ್ನ ಕೈ ಹಿಡಿದುಕೊಂಡ.

'ನಾಳೆನೇ ನಿನ್ನ ಸ್ಪಾನ್ಸರ್ ಕೆಲಸ ಮಾಡ್ತೀನಿ. ನೀನು ಈ ಊರಿನವನೇ. ಮುಂದಿನ ಸೀಸನ್ನಿಂದ ಪ್ರತಿ ಮ್ಯಾಚಿಗೂ ನನ್ನ ಪಕ್ಕದ ಸೀಟು ನಿಂದು.'

ಇಷ್ಟು ವರ್ಷದ ಭಾರ ಇಳಿದು ನನ್ನ ಕಣ್ಣೂ ತುಂಬಿತು. ಅವನು ಕೈ ಬಿಡಲಿಲ್ಲ.

'ನಮ್ಮಜ್ಜ ಕಪ್ ನೋಡದೇ ಸತ್ತ,' ಅಂದ. 'ನಮ್ಮಪ್ಪನೂ ನೋಡದೇ ಸತ್ತ. ಇನ್ನು ನಾವಿಬ್ಬರು.'